ಉಲ್ಲನ್ ಉಂಡೆಯೊಳಗೆ ಹತ್ತು ರೂಪಾಯಿ: ನಾಮಕರಣಕ್ಕೆಂದು ಮಾಡಿದ ಒಂದು ಜಾದೂ ಸಾಮಾನು

ಆಟ ಇಷ್ಟೇ. ನೆಂಟರೊಬ್ಬರ ಹತ್ತಿರ ಹತ್ತು ರೂಪಾಯಿ ನಾಣ್ಯ ಇಸಿದುಕೊಳ್ಳಬೇಕು. ಅದಕ್ಕೆ ಅವರೇ ಗುರುತು ಹಾಕುತ್ತಾರೆ. ನಾಣ್ಯವನ್ನು ಕರ್ಚೀಫಿನಲ್ಲಿ ಮುಚ್ಚಿ ಇನ್ನೊಬ್ಬರ ಕೈಗೆ ಹಿಡಿಸಬೇಕು. ಕರ್ಚೀಫು ಒದರಿದರೆ ನಾಣ್ಯ ಮಾಯ. ಆಮೇಲೆ ಚೀಲದಿಂದ ಒಂದು ಉಲ್ಲನ್ ಉಂಡೆ ತೆಗೆದು, ಸಾರು ಬಡಿಸುವ ಸ್ಟೀಲ್ ಬಕೆಟ್ಟಿಗೆ ಹಾಕಬೇಕು. ಮಗುವೊಂದು ಎಳೆಯ ತುದಿ ಹಿಡಿದು ಓಡುತ್ತದೆ. ಉಂಡೆ ಬಿಚ್ಚಿ ಮುಗಿಯುವ ಹೊತ್ತಿಗೆ ಬಕೆಟ್ಟಿನೊಳಗೆ ಟಣ್ ಅಂತ ಸದ್ದು. ಅದೇ ನಾಣ್ಯ, ಅದೇ ಗುರುತು.

ಇದು ನೂರು ವರ್ಷಕ್ಕೂ ಹಳೆಯ ಆಟ, ನನ್ನ ಕಲ್ಪನೆ ಏನಲ್ಲ. ಗುಟ್ಟು ಇರುವುದು ಉಂಡೆಯೊಳಗೆ ಮೊದಲೇ ಸಿಕ್ಕಿಸಿಟ್ಟ ಒಂದು ಚಪ್ಪಟೆ ಕೊಳವೆಯಲ್ಲಿ. ಕೊಳವೆಯಲ್ಲಿ ನಾಣ್ಯ ಜಾರಿಸಿ, ಕೊಳವೆ ಎಳೆದು, ಉಂಡೆ ಹಿಸುಕಿದರೆ ಮುಗಿಯಿತು. ಹೇಳೋದಕ್ಕೆ ಒಂದು ಸಾಲು. ಮಾಡೋದಕ್ಕೆ ಕೂತಾಗ ಮಾತ್ರ ಒಂದೊಂದು ಮಿಲಿಮೀಟರಿಗೂ ಒಂದೊಂದು ತಕರಾರು.

ಅಕ್ಕನ ಮಗುವಿನ ನಾಮಕರಣ ಇತ್ತು. ಊಟಕ್ಕೆ ಮುಂಚೆ ಮಕ್ಕಳನ್ನು ಸ್ವಲ್ಪ ಹೊತ್ತು ಒಂದು ಕಡೆ ಕೂರಿಸು ಅಂತ ಭಾವ ಹೇಳಿದ್ದರು. ಕುದ್ರೋಳಿ ಗಣೇಶ್ ಅವರಂಥವರು ವೇದಿಕೆ ಮೇಲೆ ಮಾಡುವ ಜಾದೂವಿಗೆ ಬೆಳಕು, ಪರದೆ, ದೂರ ಎಲ್ಲ ಇರುತ್ತವೆ. ಮನೆಯ ಹಾಲ್‌ನಲ್ಲಿ ಜನ ಚಾಪೆ ಮೇಲೆ ಮೊಣಕಾಲಿಗೆ ತಾಗಿ ಕೂತಿರುತ್ತಾರೆ. ಇನ್ನೂ ನಾಲ್ಕು ಮಕ್ಕಳು ಬೆನ್ನ ಹಿಂದೆ. ಅಂಥ ಕಡೆ ಹೊಳೆಯುವ ಪೆಟ್ಟಿಗೆ ತಂದರೆ ಎಲ್ಲರ ಕಣ್ಣೂ ಪೆಟ್ಟಿಗೆ ಮೇಲೇ. ಅಲ್ಲಿ ಇರಲೇಬೇಕಾದ ವಸ್ತುಗಳನ್ನೇ ಹಿಡಿಯಬೇಕು. ಕೂಸು ಇರುವ ಮನೆಯಲ್ಲಿ ಸ್ವೆಟರ್ ಹೆಣೆಯುವ ಉಲ್ಲನ್ ಇರುವುದನ್ನು ಯಾರು ತಾನೆ ಪ್ರಶ್ನಿಸುತ್ತಾರೆ?

ನನ್ನ ಕೈಚಳಕ ಅಷ್ಟಕ್ಕಷ್ಟೆ. ಹಾಗಾಗಿ ಒಂದು ಲೆಕ್ಕ ಹಾಕಿಕೊಂಡೆ. ಕೈ ಮಾಡಬೇಕಾದ ಕೆಲಸವನ್ನು ಆದಷ್ಟೂ ಸಾಮಾನಿಗೇ ವಹಿಸಬೇಕು. ಮುಂದಿನದೆಲ್ಲ ಆ ಲೆಕ್ಕದ ಮೇಲೇ ನಡೆದದ್ದು.

ಯಾವ ನಾಣ್ಯ?

ಮೊದಲ ಯೋಚನೆ ಒಂದು ರೂಪಾಯಿಯದು. ಈಗ ಎಲ್ಲರೂ ಫೋನ್ ಪೇ ಅನ್ನುತ್ತಾರೆ, ಜೇಬಿನಲ್ಲಿ ಚಿಲ್ಲರೆ ಸಿಗುವುದೇ ಕಷ್ಟ. ಆದರೆ ಸಮಾರಂಭಕ್ಕೆ ಬಂದವರ ಕೈಯಲ್ಲಿ ಮುಯ್ಯಿ ಕವರ್ ಇದ್ದೇ ಇರುತ್ತದೆ. ಅದರ ಮೇಲೆ ಒಂದು ರೂಪಾಯಿ ಅಂಟಿಸಿರುತ್ತಾರಲ್ವಾ? ಚೆನ್ನಾಗಿತ್ತು ಯೋಚನೆ. ಆದರೆ ಕವರಿನಿಂದ ಕಿತ್ತ ನಾಣ್ಯದ ಬೆನ್ನಿಗೆ ಗೋಂದು ಮೆತ್ತಿರುತ್ತದೆ. ಅದು ಕೊಳವೆಯ ಗೋಡೆಗೆ ಅಂಟಿಕೊಂಡು ಅಲ್ಲೇ ನಿಂತುಬಿಡುತ್ತದೆ. ಅದೂ ಅಲ್ಲದೆ ಒಂದು ರೂಪಾಯಿ ಒಂದೇ ಅಳತೆಯಲ್ಲಿಲ್ಲ. ಹಳೆಯದು 25 ಮಿ.ಮೀ., 2011ರ ಸರಣಿಯದು ಸುಮಾರು 22, 2019ರದು 20. ಐದು ರೂಪಾಯಿಯಲ್ಲೂ ಇದೇ ಗೋಳು. ಒಂದು 23, ಹೊಸದು 25.

ಹತ್ತು ರೂಪಾಯಿ ಹಾಗಲ್ಲ. ವಿನ್ಯಾಸ ಎಷ್ಟೇ ಬದಲಾದರೂ ಅಗಲ 27 ಮಿ.ಮೀ. ಹತ್ತರ ನಾಣ್ಯ ನಡೆಯಲ್ಲ ಅಂತ ಅಂಗಡಿಗಳಲ್ಲಿ ಗಾಳಿಸುದ್ದಿ ಹಬ್ಬಿತ್ತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ಸ್ಪಷ್ಟವಾಗಿ ಹೇಳಿತು. ಆದರೂ ಕೆಲವರು ಈಗಲೂ ಅದನ್ನು ಖರ್ಚು ಮಾಡದೆ ದೇವರ ಮನೆಯ ಡಬ್ಬಿಗೋ ಮಕ್ಕಳ ಹುಂಡಿಗೋ ಹಾಕಿಬಿಡುತ್ತಾರೆ. ನನಗೆ ಅದೇ ಅನುಕೂಲ. ಯಾರ ಜೇಬಿನಲ್ಲೂ ಇಲ್ಲದಿದ್ದರೂ ಮನೆಯಲ್ಲಿ ಸಿಗುತ್ತದೆ. ಇಪ್ಪತ್ತರ ನಾಣ್ಯವೂ 27 ಮಿ.ಮೀ., ಆದರೆ ಅದಕ್ಕೆ ಹನ್ನೆರಡು ಮೂಲೆ. ಬಟ್ಟೆಯ ಮೇಲಿಂದ ಮುಟ್ಟಿದರೆ ಬೆರಳಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಅದು ಬೇಡ.

ಕೊಳವೆ

ನಾಣ್ಯ 27, ಕೊಳವೆಯ ಒಳ ಅಗಲ ತಳದಲ್ಲಿ 30 ಮಿ.ಮೀ., ಬಾಯಿಯಲ್ಲಿ 33. ಒಳ ಎತ್ತರ 4. ಈ 3 ಮಿ.ಮೀ. ಇಳಿಜಾರು ಇಟ್ಟದ್ದಕ್ಕೆ ಕಾರಣ ಇದೆ. ಎರಡು ಕಡೆಯೂ ಒಂದೇ ಅಗಲವಿದ್ದರೆ ಉಲ್ಲನ್ ಕೊಳವೆಯನ್ನು ಉದ್ದಕ್ಕೂ ಬಿಗಿಯಾಗಿ ಹಿಡಿದಿರುತ್ತದೆ, ಪೂರ್ತಿ ಹೊರಗೆ ಬರುವ ತನಕ ಜಗ್ಗಾಟ. ತಳ ಸಣ್ಣದಿದ್ದರೆ ಒಂದಿಷ್ಟು ಅಲುಗಿದ ಕೂಡಲೇ ಸಡಿಲ. ಒಂದರೊಳಗೊಂದು ಕೂತ ಬಕೆಟ್‌ಗಳು ಒಂದೇ ಎಳೆತಕ್ಕೆ ಬಿಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಲಗ್ನಪತ್ರಿಕೆಯ ದಪ್ಪ ಕಾರ್ಡಿನಲ್ಲಿ ಒಂದು ಮಾದರಿ ಮಾಡಿ ಅಳತೆ ನೋಡಿದೆ. ಅಳತೆಗೆ ಸರಿ, ಕೆಲಸಕ್ಕಲ್ಲ. ಉಲ್ಲನ್ ಸುತ್ತುತ್ತಾ ಹೋದಂತೆ ಕಾರ್ಡಿನ ಗೋಡೆ ಒಳಕ್ಕೆ ಕುಸಿಯುತ್ತದೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಇನ್ನೂ ತೆಳು. ಅದರ ಅಂಚೋ ಬ್ಲೇಡೇ ಸರಿ. ಕೊನೆಗೆ ಕೈಗೆ ಬಂದದ್ದು ಹಳೆಯ ಟಾಲ್ಕಮ್ ಪೌಡರ್ ಡಬ್ಬಿಯ ತಗಡು. ಮಡಿಸಿದ ಗೆರೆ ನಿಲ್ಲುತ್ತದೆ, ಒತ್ತಿದರೆ ಸುಲಭಕ್ಕೆ ಬಗ್ಗುವುದಿಲ್ಲ.

ಅಚ್ಚಿಗೆ 4 ಮಿ.ಮೀ. ಪ್ಲೈವುಡ್ ಪಟ್ಟಿ. ಉದ್ದ 15 ಸೆಂ.ಮೀ. ಅದರಲ್ಲಿ 85 ಮಿ.ಮೀ. ಉದ್ದಕ್ಕೆ ಅಗಲವನ್ನು 33ರಿಂದ 30ಕ್ಕೆ ಇಳಿಸಿ, ಅದರಾಚೆ ಇನ್ನೂ 3 ಸೆಂ.ಮೀ. ದೂರ 29ಕ್ಕೆ ತಂದು ನಿಲ್ಲಿಸಿದೆ. ಮಿಕ್ಕ ಉದ್ದ ಕೈಯಲ್ಲಿ ಹಿಡಿಯಲು. ಆ 3 ಸೆಂ.ಮೀ. ಮೂತಿಯ ಕೆಲಸ ಮುಂದೆ ಬರುತ್ತದೆ, ಅದನ್ನು ಮರೆಯಬೇಡಿ.

ತಗಡನ್ನು ಬಾಯಿ ಕಡೆ 82 ಮಿ.ಮೀ., ತಳದ ಕಡೆ 76 ಮಿ.ಮೀ. ಅಗಲಕ್ಕೆ ಕತ್ತರಿಸಬೇಕು. ಬಾಯಿಯ ಸುತ್ತಳತೆ 33 ಮತ್ತು 4ರ ಎರಡರಷ್ಟು, ಅಂದರೆ 74. ಒಂದರ ಮೇಲೊಂದು ಕೂರುವ ಅಂಚಿಗೆ 8. ತಳಕ್ಕೂ ಇದೇ ಲೆಕ್ಕ. ಅಂಚನ್ನು ಅರದಿಂದ ಉಜ್ಜಿ, ಎಮರಿ ಪೇಪರ್ ಕೊಟ್ಟು, ಉಲ್ಲನ್ ಮೇಲೆ ಎಳೆದು ನೋಡಿ. ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಉಜ್ಜಿ.

ಜೋಡಣೆಗೆ ಬೆಸುಗೆ ಹಾಕಬಹುದಿತ್ತು. ತಗಡಿನ ಮೇಲಿನ ಬಣ್ಣ ಕೆರೆದರೆ ಬೆಸುಗೆ ಚೆನ್ನಾಗಿಯೇ ಹಿಡಿಯುತ್ತದೆ. ನಾನು ಹಾಕಲಿಲ್ಲ. ಯಾಕೆಂದರೆ ಬರೀ ತಗಡಿನಲ್ಲಿ ನಾಣ್ಯ ಜಾರಿದರೆ 'ಕಿಣಿಕ್' ಅನ್ನುತ್ತದೆ. ಮೊಣಕಾಲಿಗೆ ತಾಗಿ ಕೂತವರಿಗೆ ಅದು ಕೇಳದೇ ಇರುತ್ತದೆಯೇ? ಒಳಮೈಗೆ ವೆಲ್ವೆಟ್ ಅಂಟಿಸಿದರೆ ಸದ್ದು ಹೋಗುತ್ತದೆ, ಜಾರುವುದೂ ಹೋಗುತ್ತದೆ. ಪಾರ್ಸಲ್‌ಗೆ ಹಾಕುವ ಬ್ರೌನ್ ಟೇಪ್ ಎರಡಕ್ಕೂ ಒಗ್ಗಿತು. ನುಣುಪು ನುಣುಪಾಗಿಯೇ ಉಳಿಯಿತು, ಸದ್ದು ಮಂದವಾಯಿತು. ಆದರೆ ಟೇಪನ್ನು ಮಡಿಸುವ ಮೊದಲೇ ಅಂಟಿಸಬೇಕು, ಬೆಸುಗೆಯ ಕಾವಿಗೆ ಅದು ಕರಗಿ ಮುದುಡುತ್ತದೆ. ಹಾಗಾಗಿ ಅರಾಲ್ಡೈಟ್. ಅಚ್ಚಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ತಗಡು ಮಡಿಸಿ, 8 ಮಿ.ಮೀ. ಅಂಚಿಗೆ ಅಂಟು ಸವರಿ, ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಸಾಲಾಗಿ ಹಾಕಿ ರಾತ್ರಿಯಿಡೀ ಬಿಟ್ಟೆ. ಪ್ಲಾಸ್ಟಿಕ್ ಸುತ್ತದಿದ್ದರೆ ಬೆಳಗ್ಗೆ ಅಚ್ಚು, ಕೊಳವೆ ಎರಡೂ ಒಂದೇ ವಸ್ತು.

ಬಾಯಿಯ ಒಂದು ಬದಿಯನ್ನು ಇಕ್ಕಳದಿಂದ ಸ್ವಲ್ಪ ಹೊರಕ್ಕೆ ಬಗ್ಗಿಸಿದೆ. ನೋಡದೆ ನಾಣ್ಯ ಹಾಕುವಾಗ ಬೆರಳಿಗೆ ಅದೇ ದಾರಿ. ಆ ಬದಿಯಲ್ಲೇ ಮೊಳೆಯಿಂದ ಎರಡು ತೂತು, ಹೊಲಿಯಲು.

ಹೊರಮೈ ಜಾರಬೇಕು. ಕೇರಂ ಬೋರ್ಡಿನ ಪೌಡರ್ ಹಚ್ಚಿ ನೋಡಿದೆ. ಎಣ್ಣೆಯಂತೆ ಜಾರಿತು. ಆದರೆ ಕಡುನೀಲಿ ಉಲ್ಲನ್ ಮೇಲೆ ಬಿಳಿ ಪಟ್ಟೆ ಎದ್ದು ಕಂಡಿತು. ಮೇಣದಬತ್ತಿ ಉಜ್ಜಿ ಬಟ್ಟೆಯಿಂದ ಒರೆಸಿದರೆ ಸಾಕು. ಏನೂ ಕಾಣುವುದಿಲ್ಲ.

ಉಂಡೆ ಸುತ್ತುವುದು

ಮಕ್ಕಳ ಸ್ವೆಟರಿನ ಸಣ್ಣ ಉಲ್ಲನ್ ನೋಡಲು ಮುದ್ದು. ಆದರೆ ಅದರಲ್ಲಿ ಈ ಗಾತ್ರದ ಉಂಡೆ ಬಿಚ್ಚುತ್ತಾ ಕೂತರೆ, ಅಡುಗೆ ಭಟ್ಟರು ಬಂದು "ಎಲೆ ಹಾಕಿದೀವಿ, ಏಳಿ" ಅಂದುಬಿಡುತ್ತಾರೆ. ಮೊದಲ ಪಂಕ್ತಿ ಬಿಟ್ಟು ನಿಮ್ಮ ಜಾದೂ ನೋಡುವಷ್ಟು ಪ್ರೀತಿ ಯಾವ ನೆಂಟರಿಗೂ ಇರುವುದಿಲ್ಲ, ನಂಬಿ. ಅಂಗಡಿಯಲ್ಲಿ ಸಿಗುವ ಅತಿ ದಪ್ಪ ಎಳೆ ತಗೊಳ್ಳಿ. ಬೇಗ ಗಾತ್ರ ಬರುತ್ತದೆ, ಬೇಗ ಬಿಚ್ಚುತ್ತದೆ.

ಇಲ್ಲಿ ಆ ಮೂತಿಯ ಕೆಲಸ. ಬರೀ ಕೊಳವೆಗೆ ಉಲ್ಲನ್ ಸುತ್ತಿದರೆ ತಳದ ಬಾಯಿಗೆ ಅಡ್ಡಲಾಗಿ ಎಳೆಗಳು ಬರುತ್ತವೆ. ನಾಣ್ಯ ಅಲ್ಲಿಗೆ ಬಂದು ನಿಲ್ಲುತ್ತದೆ, ಅರ್ಧ ಕೊಳವೆಯೊಳಗೇ ಉಳಿಯುತ್ತದೆ. ಕೊಳವೆ ಎಳೆದರೆ ಅದರ ಜೊತೆ ನಾಣ್ಯವೂ ಎದ್ದು ಬರುವ ಅಪಾಯ. ಇಡೀ ನಾಣ್ಯ ಕೊಳವೆ ದಾಟಿ ಕೂರಲು ಒಂದು ಗೂಡು ಬೇಕು. ಅದಕ್ಕೇ ಅಚ್ಚನ್ನು ಕೊಳವೆಯೊಳಗೆ ಮತ್ತೆ ತೂರಿಸಿ, 3 ಸೆಂ.ಮೀ. ಮೂತಿ ತಳದಿಂದ ಹೊರಗೆ ಚಾಚುವಂತೆ ಇಟ್ಟು, ಮೂತಿಯನ್ನೂ ಸೇರಿಸಿ ಸುತ್ತಬೇಕು. ಮೂತಿಗೂ ಮೇಣ ಹಚ್ಚಿರಿ. ಉಂಡೆ ಸುಮಾರು 9 ಸೆಂ.ಮೀ. ಆದ ಮೇಲೆ ಅಚ್ಚನ್ನು ಬಾಯಿಯಿಂದ ಮೇಲಕ್ಕೆ ಎಳೆದುಬಿಡಿ. ಕೊಳವೆ ಉಳಿಯುತ್ತದೆ, ಅದರ ಕೆಳಗೆ ನಾಣ್ಯದ ಗೂಡೂ ಉಳಿಯುತ್ತದೆ. ಸುತ್ತುವಾಗ ಅಚ್ಚು ಒಳಗಿರುವುದರಿಂದ ತಗಡಿನ ಗೋಡೆ ಕುಸಿಯುವ ಭಯವೂ ಇಲ್ಲ.

ಮೊದಲ ಸುತ್ತುಗಳು ಸಡಿಲ, ಆಮೇಲಿನವು ಸಾಧಾರಣ ಬಿಗಿ. ಅಡ್ಡಡ್ಡ, ಓರೆಯೋರೆ ಸುತ್ತಿ, ಕೊಳವೆಯ ಬಾಯಿಗೆ ಮಾತ್ರ ಎಳೆ ಬರಬಾರದು. ಕೊಳವೆ ಸುಮಾರು 45 ಮಿ.ಮೀ. ಒಳಗೆ, 40 ಹೊರಗೆ. ಎಳೆಯ ತುದಿಗೆ ಒಂದು ಗಂಟು ಹಾಕಿ ಹೊರಗೆ ಬಿಡಿ. ಎಲ್ಲರೆದುರು ತುದಿ ಹುಡುಕುತ್ತಾ ನಿಂತರೆ ಆಟದ ಬಿಸಿ ಆರಿಹೋಗುತ್ತದೆ.

ಚೀಲ

ನನ್ನ ಪ್ರಕಾರ ಇಡೀ ಸಾಮಾನಿನಲ್ಲಿ ಜಾಣತನ ಇರುವುದು ಇಲ್ಲಿ. ಕೊಳವೆಯನ್ನು ಉಂಡೆಯಿಂದ ಕೀಳಲು ಎರಡು ಕೈ ಬೇಕು. ಎರಡೂ ಕೈ ಚೀಲದೊಳಗೆ ಹೋದರೆ ಎಂಟು ವರ್ಷದ ಮಗುವಿಗೂ ಅನುಮಾನ ಬರುತ್ತದೆ. ಹಾಗಾದರೆ ಒಂದು ಕೈಯ ಕೆಲಸವನ್ನು ಚೀಲವೇ ಮಾಡಲಿ.

ತಾಂಬೂಲಕ್ಕೆ ಕೊಡುವಂಥ ದಪ್ಪ ಬಟ್ಟೆ ಚೀಲ ತಗೊಂಡು, ಒಳಗೆ ಒಂದು ಬದಿಗೆ ಇನ್ನೊಂದು ಬಟ್ಟೆ ಹೊಲಿಸಿ ಒಳಜೇಬು ಮಾಡಿಸಿದೆ. ಜೇಬಿನ ಮೇಲಂಚಿಗೆ ಕೊಳವೆಯ ಎರಡು ತೂತಿನಿಂದ ದಪ್ಪ ದಾರದಲ್ಲಿ ಹೊಲಿಗೆ. ಬಾಯಿ ಮೇಲೆ, ಉಂಡೆ ಕೆಳಗೆ ಜೋತಾಡುತ್ತಿರುತ್ತದೆ. ಈಗ ಬಲಗೈ ಒಂದೇ ಒಳಗೆ ಹೋಗುತ್ತದೆ. ಬಗ್ಗಿಸಿದ ಅಂಚು ಬೆರಳಿಗೆ ಸಿಗುತ್ತದೆ, ನಾಣ್ಯ ಜಾರುತ್ತದೆ. ಅದೇ ಕೈ ಕೆಳಗಿಳಿದು ಉಂಡೆಯನ್ನು ಹಿಡಿದು ಕೆಳಕ್ಕೆ ಜಗ್ಗುತ್ತದೆ. ಕೊಳವೆ ಚೀಲಕ್ಕೇ ಉಳಿಯುತ್ತದೆ. ಎರಡು ಸಲ ಹಿಸುಕಿದರೆ ಉಂಡೆಯಲ್ಲಿನ ಸೀಳು ಮುಚ್ಚಿಕೊಳ್ಳುತ್ತದೆ. ಹೊರಗೆ ಬರುವುದು ಬರೀ ಉಲ್ಲನ್.

ಚೀಲದ ಇನ್ನೊಂದು ಭಾಗದಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಹೆಣಿಗೆ ಕಡ್ಡಿ. ಯಾರಾದರೂ ಇಣುಕಿದರೆ ಅವೇ ಕಾಣಲಿ. ಕಾಯಿಯ ಭಾರಕ್ಕೆ ಚೀಲ ನೆಟ್ಟಗೆ ನಿಲ್ಲುವುದು ಇನ್ನೊಂದು ಲಾಭ. ಮೇಣ ಹಚ್ಚಿದ ಕೊಳವೆಯಿಂದ ಉಂಡೆ ದಾರಿಯಲ್ಲೇ ಕಳಚಬಾರದು ಅಂತ ಅದರ ಕೆಳಗೆ ಪೇಪರ್ ಮುದ್ದೆ ಇಟ್ಟು ಒಯ್ದೆ. ಆಟಕ್ಕೆ ಮುಂಚೆ ತೆಗೆದುಬಿಡಬೇಕು.

ಕರ್ಚೀಫು

ಇದು ಅರ್ಧ ಗಂಟೆಯ ಕೆಲಸ. ದೊಡ್ಡ ಚೌಕಳಿ ಕರ್ಚೀಫಿನ ಒಂದು ಮೂಲೆಯಲ್ಲಿ ಅದೇ ಬಟ್ಟೆಯ ತುಂಡಿನಿಂದ ಸಣ್ಣ ಜೇಬು, ಒಳಗೆ ನನ್ನದೇ ಒಂದು ಹತ್ತು ರೂಪಾಯಿ, ಸುತ್ತಲೂ ಹೊಲಿಗೆ. ಬಿಳಿ ಬಟ್ಟೆಯಾದರೆ ಬೆಳಕಿಗೆ ಹಿಡಿದಾಗ ನಾಣ್ಯದ ನೆರಳು ಕಾಣುತ್ತದೆ. ನಾಣ್ಯಕ್ಕೇ ತೂತು ಹಾಕಿ ಗುಂಡಿಯಂತೆ ಹೊಲಿಯುವ ಯೋಚನೆ ಬೇಡವೇ ಬೇಡ. 2011ರ ನಾಣ್ಯ ಕಾಯಿದೆ ಪ್ರಕಾರ ನಾಣ್ಯ ಕರಗಿಸುವುದು, ಹಾಳು ಮಾಡುವುದು ಅಪರಾಧ.

ಬಳಸುವ ರೀತಿ ಹೀಗೆ. ಗುರುತು ಹಾಕಿದ ನಾಣ್ಯ ಬಲಗೈಯ ಬೆರಳ ತುದಿಯಲ್ಲಿ ಎಲ್ಲರಿಗೂ ಕಾಣುತ್ತಿರುತ್ತದೆ. ಎಡಗೈ ಅದರ ಮೇಲೆ ಕರ್ಚೀಫು ಹೊದಿಸುತ್ತದೆ. ಹೊದಿಸುವಾಗಲೇ ಹೊಲಿದ ಮೂಲೆಯನ್ನು ಒಳಗೆ ಬಲಗೈ ಬೆರಳ ತುದಿಗೆ ಕೊಡುತ್ತದೆ. ನಿಜವಾದ ನಾಣ್ಯ ಬೆರಳುಗಳ ಬುಡಕ್ಕೆ ಜಾರುತ್ತದೆ, ಮಡಿಕೆಯಲ್ಲಿ ಕೂರುತ್ತದೆ. ಎದುರಿನವರು ಬಟ್ಟೆಯ ಮೇಲಿಂದ ಹಿಡಿಯುವುದು ಹೊಲಿದ ನಾಣ್ಯವನ್ನು. ಬಲಗೈ ಹೊರಗೆ ಬಂದಾಗ ಅದನ್ನು ಮುಷ್ಟಿ ಕಟ್ಟಬೇಡಿ. ಆ ಕೈಯಿಂದಲೇ ಕುರ್ಚಿ ಸರಿಸಿ, ಮಕ್ಕಳನ್ನು ಹಿಂದೆ ಕೂರಿಸಿ, ಏನಾದರೂ ಮಾಡಿ. ಖಾಲಿ ಕೈ ಏನು ಮಾಡುತ್ತದೋ ಅದನ್ನೇ ಮಾಡುತ್ತಿರಲಿ.

ಗುರುತಿನ ವಿಷಯ. ಮಾರ್ಕರ್ ಪೆನ್ನಿನ ಗೆರೆ ಉಲ್ಲನ್‌ಗೆ ಉಜ್ಜಿ ಮಾಸುತ್ತದೆ. ಕುಂಕುಮ ಇಟ್ಟರೆ ಉಂಡೆಯೆಲ್ಲ ಕೆಂಪು. ಸ್ಟಿಕರ್ ಬಿಂದಿ ಸರಿಹೋಯಿತು. 4 ಮಿ.ಮೀ. ಕಿಂಡಿಯಲ್ಲಿ ಅದರ ದಪ್ಪ ಲೆಕ್ಕಕ್ಕಿಲ್ಲ. ಆದರೆ ಯಾರ ಹಣೆಯಿಂದಲೂ ತೆಗೆಸಬೇಡಿ. ಶುಭ ಕಾರ್ಯದ ಮನೆಯಲ್ಲಿ ಹಾಗೆ ಕೇಳುವುದೇ ತಪ್ಪು. ಹೊಸ ಪ್ಯಾಕೆಟ್ ಕೊಟ್ಟು ಬಣ್ಣ, ಆಕಾರ ಅವರೇ ಆರಿಸಲಿ. ಅಂಟಿಸಿದ ಮೇಲೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಲು ಹೇಳಿ.

ಆಡಿದ್ದು

ಬೆನ್ನಿಗೆ ಬೀರು ಬರುವಂತೆ ನಿಂತೆ. ಅಲ್ಲಿ ಯಾರೂ ಕೂರಲು ಜಾಗವಿಲ್ಲ. ಫ್ಯಾನ್ ಮಾತ್ರ ಆರಿಸಿದೆ, ಅದು ಕರ್ಚೀಫನ್ನು ಎಬ್ಬಿಸಿ ಒಳಗಿನದೆಲ್ಲ ತೋರಿಸಿಬಿಡುತ್ತದೆ. "ಸೆಖೆ ಕಣೋ" ಅಂತ ಎರಡು ಕಡೆಯಿಂದ ಬಂತು.

ನಾಣ್ಯ ಕೊಟ್ಟವರು ಭಾವನ ದೊಡ್ಡಮ್ಮ. ಚಂದ್ರನ ಆಕಾರದ ಹಸಿರು ಬಿಂದಿ ಆರಿಸಿ, ಅದನ್ನೂ ಓರೆಯಾಗಿ ಅಂಟಿಸಿದರು. ಕರ್ಚೀಫು ಒದರಿದಾಗ ಮಕ್ಕಳು ಚೀರಿದರು, ದೊಡ್ಡಮ್ಮ ಚೀರಲಿಲ್ಲ.

"ಏನಪ್ಪಾ, ನನ್ನ ಹತ್ತು ರೂಪಾಯಿ ನುಂಗಿಬಿಟ್ಟೆಯಾ?"

"ಇರಿ ದೊಡ್ಡಮ್ಮ, ಪಾಪುಗೆ ಸ್ವೆಟರ್ ಹೆಣೀಬೇಕಲ್ಲ, ಉಲ್ಲನ್‌ಗೆ ಖರ್ಚಾಯ್ತು" ಅಂದೆ. ಎಲ್ಲರೂ ನಕ್ಕರು. ಆ ನಗುವಿನ ಹೊತ್ತಿಗೆ ಕೈ ಚೀಲದೊಳಗೆ ಹೋಗಿ ಬಂದಾಗಿತ್ತು. ಈ ಮಾತನ್ನು ಮೊದಲೇ ಯೋಚಿಸಿಟ್ಟಿದ್ದೆ. ಬ್ರೌನ್ ಟೇಪ್ ಸದ್ದನ್ನು ಕಡಿಮೆ ಮಾಡುತ್ತದೆ, ಪೂರ್ತಿ ನುಂಗುವುದಿಲ್ಲ. ಉಳಿದದ್ದನ್ನು ನಗು ನುಂಗಬೇಕು.

ಉಂಡೆ ಬಕೆಟ್ಟಿಗೆ ಬಿತ್ತು. ಎಳೆಯ ತುದಿಯನ್ನು ಒಬ್ಬ ಹುಡುಗಿಗೆ ಕೊಟ್ಟೆ. ಅವಳು ಹಾಲ್ ದಾಟಿ, ಹೊಸ್ತಿಲು ದಾಟಿ, ಅಂಗಳದ ತುಳಸಿ ಕಟ್ಟೆಗೆ ಒಂದು ಸುತ್ತು ಹಾಕಿದಳು. ಬಕೆಟ್ಟಿನಲ್ಲಿ ಉಂಡೆ ಕುಣಿಯುತ್ತಾ ಸಣ್ಣದಾಗುತ್ತಿತ್ತು. ನನ್ನ ಕೈ ಎರಡೂ ಬೆನ್ನ ಹಿಂದೆ. ಬಕೆಟ್ ಹಿಡಿದದ್ದು ದೊಡ್ಡಮ್ಮ. ಮೊದಲ ಸುತ್ತುಗಳನ್ನು ಗೂಡಿಗೇ ಸುತ್ತಿದ್ದರಿಂದ ನಾಣ್ಯ ಬೀಳುವುದು ತೀರಾ ಕೊನೆಗೆ, ಹಿಡಿಯಷ್ಟು ಉಲ್ಲನ್ ಉಳಿದಾಗ. ಟಣ್ ಅಂದದ್ದು ಅಡುಗೆಮನೆವರೆಗೂ ಕೇಳಿತು. ದೊಡ್ಡಮ್ಮ ನಾಣ್ಯ ತೆಗೆದು ಕನ್ನಡಕ ಹಾಕಿಕೊಂಡು ನೋಡಿದರು. ಹಸಿರು ಚಂದ್ರ ಓರೆಯಾಗಿಯೇ ಇತ್ತು.

"ಮಾಮ, ಚೀಲ ಕೊಡಿ ನೋಡ್ತೀನಿ" ಅಂದ ಒಬ್ಬ ಹುಡುಗ. ಕೊಟ್ಟೆ. ಕಾಯಿ, ವೀಳ್ಯದೆಲೆ ತೆಗೆದಿಟ್ಟ. ಒಳಜೇಬಿನ ಮೇಲೂ ಕೈ ಹೋಯಿತು, ಗಟ್ಟಿಯಾಗಿ ಏನೋ ತಾಗಿತು. "ಇದೇನು?" ಅಂದ. ಅಷ್ಟರಲ್ಲಿ ಊಟಕ್ಕೆ ಕರೆದರು. ಆದರೂ ಆ ಜಾಗಕ್ಕೆ ಒಂದು ಉತ್ತರ ಬೇಕು. ಜೇಬಿನ ಹೊರಗೆ, ಕೊಳವೆಯ ನೇರಕ್ಕೆ, ಒಂದು ಕನ್ನಡಕದ ಡಬ್ಬಿ ಹಿಡಿಯುವಷ್ಟು ಇನ್ನೊಂದು ಸಣ್ಣ ಜೇಬು ಹೊಲಿಸುತ್ತಿದ್ದೇನೆ. ಮುಟ್ಟಿದವರಿಗೆ ಸಿಗುವುದು ಡಬ್ಬಿ.

ಬದಲಿಸಬೇಕಾದ ಇನ್ನೊಂದು ಅಂದರೆ ತಗಡು. ಅರದಿಂದ ಉಜ್ಜಿದ ಅಂಚಿನಲ್ಲಿ ತುಕ್ಕಿನ ಗೆರೆ ಶುರುವಾಗಿದೆ, ಅದು ಉಲ್ಲನ್‌ಗೆ ಕಲೆ ಹಚ್ಚುತ್ತದೆ. ಸದ್ಯಕ್ಕೆ ಅಂಚಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದಿದ್ದೇನೆ. ಮುಂದಿನದನ್ನು ಇದೇ ಅಚ್ಚಿನ ಮೇಲೆ ಹಿತ್ತಾಳೆ ಹಾಳೆಯಲ್ಲಿ ಮಾಡಬೇಕು. ಉಲ್ಲನ್ ಮಾತ್ರ ಪ್ರತಿ ಸಲ ಹೊಸದಾಗಿ ಸುತ್ತಲೇಬೇಕು. ಅವತ್ತಿನದನ್ನು ತುಳಸಿ ಕಟ್ಟೆಯಿಂದ ಬಿಡಿಸಿಕೊಂಡು ಬಂದ ಅಕ್ಕ, "ಇದರಲ್ಲಿ ಸ್ವೆಟರ್ ಆಗಲ್ಲ, ಬೇಕಾದ್ರೆ ಟೋಪಿ ಆಗತ್ತೆ" ಅಂದಳು.